ಗೊಂಬೆ ಆಚಾರ್ರ ಮಗಳ ಮುಖ

ಹೊರನಾಡಿನ ಬಸ್ಸಿನ ಮೇಲೆ ಗೊಂಬೆಯ ಮೂಟೆ ಏರಿಸಿ, “ಆನೆಗಳ ಸೊಂಡ್ಲು ಮುರೀತದೆ, ಮೇಲೆ ಎಂತದೂ ಹೇರಬೇಡಿ” ಎಂದು ಪ್ರತಿವಾರ ಹೇಳುವುದನ್ನೇ ಕಂಡಕ್ಟರನಿಗೆ ಹೇಳಿ ಗಂಗಾಧರಾಚಾರ್ರು ಈಚೆ ತಿರುಗುವಷ್ಟರಲ್ಲಿ, ಕಳಸದ ಬಸ್‌ಸ್ಟ್ಯಾಂಡಿನ ಎದುರಿನ ಅಂಗಡಿಯಿಂದ ಫಯಾಜ್ ಓಡಿಬಂದು ಅವರ ರಟ್ಟೆ ಹಿಡಿದ.

“ಆಚಾರ್ರೆ, ಒಂಚೂರು ಬನ್ನಿ. ನೀವು ನಮ್ಮ ಕಂಪ್ಯೂಟರ್ ಒಳಗೆ ಕೂತಿದೀರಿ.”

“ಎಂತ ಮಾರಾಯ, ತಮಾಷೆ ಮಾಡ್ಲಿಕ್ಕೆ ಬೆಳಿಗ್ಗೆ ಬೆಳಿಗ್ಗೆ ನಾನೇ ಸಿಕ್ಕಿದ್ನಾ ನಿಂಗೆ?”

“ಅಲ್ಲಾನ ಆಣೆ. ಬಂದು ನೋಡಿ ಬೇಕಾದ್ರೆ.”

ಫಯಾಜ್ ಸುಳ್ಳಿಗೆ ಆಣೆ ಹಾಕುವ ಪೈಕಿಯವನಲ್ಲ. ಅವನಪ್ಪ ಜಿಯಾಉದ್ದೀನ್ ಸಾಹೇಬರು ಇದೇ ಅಂಗಡಿಯಲ್ಲಿ ಮೂವತ್ತು ವರ್ಷ ಜೀಪುಗಳ ಟಯರಿಗೆ ಪಂಕ್ಚರ್ ಹಾಕಿದವರು. ಅವರು ಹೋದಮೇಲೆ ಮಗ ಟಯರುಗಳನ್ನೆಲ್ಲ ಆಚೆ ಹಾಕಿ ಎರಡು ಕಂಪ್ಯೂಟರು, ಒಂದು ಜೆರಾಕ್ಸ್ ಮಿಷನ್ನು, ಒಂದು ಎಸ್‌ಟಿಡಿ ಫೋನು ಇಟ್ಟುಕೊಂಡು ಬೋರ್ಡು ಬದಲಾಯಿಸಿದ. ಬೋರ್ಡು ಬದಲಾಯಿತೇ ಹೊರತು ಪಂಕ್ಚರ್ ಸಲ್ಯೂಷನ್ನಿನ ವಾಸನೆ ಬದಲಾಗಲಿಲ್ಲ. ಎರಡು ಸಾವಿರದ ಆರನೇ ಇಸವಿಯಲ್ಲಿ ಕಳಸದಂಥ ಊರಲ್ಲಿ ಕಂಪ್ಯೂಟರಿಗೆ ಗಿರಾಕಿಗಳೆಂದರೆ ಅರ್ಜಿ ಟೈಪ್ ಮಾಡಿಸಲು ಬರುವ ಎಸ್ಟೇಟಿನ ರೈಟರುಗಳು, ರಿಸಲ್ಟು ನೋಡಲು ಬರುವ ಕಾಲೇಜಿನವರು, ಇಷ್ಟೇ. ಮಿಕ್ಕ ಹೊತ್ತೆಲ್ಲ ಫಯಾಜ್ ಸೀಡಿ ಹಾಕಿಕೊಂಡು ಆಟ ಆಡುತ್ತಿದ್ದ. ಆಡುವವನೇ ಕಥೆಯೊಳಗಿನ ಒಬ್ಬ ವೀರನಾಗಿ ಕತ್ತಿ ಹಿಡಿದು ಊರೂರು ತಿರುಗುವ ಆಟ ಅದು. ದಾರಿಯಲ್ಲಿ ಸಿಕ್ಕವರನ್ನು ಮಾತಾಡಿಸಬೇಕು, ಅವರು ಹೇಳಿದ ಕೆಲಸ ಮಾಡಿಕೊಡಬೇಕು, ಆಗ ಮುಂದಿನ ದಾರಿ ತೆರೆಯುತ್ತದೆ. ನಡುವೆ ರೆಕ್ಕೆ ಬಂದ ಹಾವುಗಳು, ಮಂತ್ರಗಾತಿಯರು, ಎರಡು ತಲೆಯ ತೋಳಗಳು. ಮದುವೆಯಾಗಿ ಎರಡು ವರ್ಷವಾದ ಗಂಡಸು ಹಗಲುಹೊತ್ತು ತೋಳ ಹೊಡೆಯುತ್ತಾ ಕೂರುವುದು ಅವನ ಹೆಂಡತಿ ಶಬನಂಳಿಗೆ ಸೇರುತ್ತಿರಲಿಲ್ಲ. ಅದು ಬೇರೆ ಮಾತು.

ಆಚಾರ್ರು ಪರದೆಯ ಮುಂದೆ ಕುಳಿತರು. ಕಲ್ಲಿನ ಮನೆಗಳ ಯಾವುದೋ ಸೀಮೆಯ ಪಟ್ಟಣ. ಓಣಿಯ ಕೊನೆಯಲ್ಲಿ ಒಂದು ಅಂಗಡಿ, ಗೋಡೆಯ ತುಂಬ ಗೊಂಬೆಗಳು. ನೆಲದ ಮೇಲೆ ಕುಳಿತು ಒಬ್ಬ ಮುದುಕ ಮರ ಕೆತ್ತುತ್ತಿದ್ದ. ಅವನ ಕನ್ನಡಕದ ಒಂದು ಕಡ್ಡಿ ಮುರಿದು, ಆ ಜಾಗದಲ್ಲಿ ದಾರ ಕಟ್ಟಿ ಕಿವಿಗೆ ಸುತ್ತಿತ್ತು. ಎಡಗೈ ಹೆಬ್ಬೆರಳಿನ ತುದಿ ಇರಲಿಲ್ಲ. ಕೆತ್ತುವಾಗ ನಾಲಿಗೆಯ ತುದಿ ಬಾಯಿಯ ಎಡಮೂಲೆಯಿಂದ ಹೊರಗೆ ಬಂದಿತ್ತು. ಮರವನ್ನು ಎರಡು ಪಾದಗಳ ನಡುವೆ ಅವುಚಿಕೊಂಡಿದ್ದ. ಪಾಪ, ಆಟ ಮಾಡಿದವರು ಅವನ ಕಾಲಿಗೆ ಬೂಟು ತೊಡಿಸಿದ್ದರು, ಬೂಟುಗಾಲಲ್ಲೇ ಅವುಚಿಕೊಂಡಿದ್ದ. ಆಚಾರ್ರು ತಮ್ಮ ಎಡಗೈಯನ್ನೊಮ್ಮೆ ನೋಡಿಕೊಂಡರು. ಹೆಬ್ಬೆರಳಿನ ತುದಿಯನ್ನು ಮರ ಕೆತ್ತುವ ಬಾಚಿ ತಿಂದು ಇಪ್ಪತ್ತು ವರ್ಷವಾಗಿತ್ತು.

“ನಾನೇ ಮಾರಾಯ!” ಎಂದು ಆಚಾರ್ರು ನಕ್ಕರು. ಮೂರು ವರ್ಷದಿಂದ ಅವರು ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ.

“ಮಾತೂ ಆಡ್ತೀರಿ, ತಡೀರಿ” ಎಂದು ಫಯಾಜ್ ಮೌಸ್ ಒತ್ತಿದ. ಪರದೆಯ ಮುದುಕ ತಲೆಯೆತ್ತಿ ಇಂಗ್ಲಿಷಿನಲ್ಲಿ ಏನೋ ಹೇಳಿದ. “ಎಂತ ಹೇಳಿದ್ದು ನಾನು?” ಎಂದು ಆಚಾರ್ರು ಕೇಳಿದರು. ಫಯಾಜ್ ಉತ್ಸಾಹದಲ್ಲಿ ಹಿಂದುಮುಂದು ನೋಡದೆ ಹೇಳಿಬಿಟ್ಟ. “ನನ್ನ ಮಗಳು ಒಳಗೆ ಮಲಗಿದಾಳೆ, ಮಂತ್ರಗಾತಿ ಮಾಟ ಮಾಡಿದಾಳೆ, ಎಬ್ಬಿಸಿದ್ರೂ ಏಳ್ತಿಲ್ಲ. ಐದು ಕಾಡಿಂದ ಐದು ಥರ ಮರ ತಂದುಕೊಡು ಮಾರಾಯ, ಒಂದು ಗೊಂಬೆ ಮಾಡ್ತೀನಿ, ಆ ಗೊಂಬೆ ನೋಡಿದ್ರೆ ಅವ್ಳು ಏಳ್ತಾಳೆ, ಅಂತ.”

ಹೇಳಿ ಮುಗಿದಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಹೊಳೆಯಿತು. ಆಚಾರ್ರ ನಗು ನಿಂತುಹೋಗಿತ್ತು. ಪರದೆಯಲ್ಲಿ ಮುದುಕನ ಬೆನ್ನ ಹಿಂದೆ ಒಂದು ಮುಚ್ಚಿದ ಬಾಗಿಲು ಕಾಣುತ್ತಿತ್ತು.

“ಆ ಬಾಗಿಲು ತೆಗಿ” ಎಂದರು ಆಚಾರ್ರು.

“ಈಗ ತೆಗೆಯೋಕೆ ಬರಲ್ಲ ಆಚಾರ್ರೆ. ಐದೂ ಮರ ತಂದ್ಕೊಟ್ಟ ಮೇಲೇ ತೆರೆಯೋದು.”

ಈ ಬಾಗಿಲಿನ ಸಂಗತಿ ತಿಳಿಯಬೇಕಾದರೆ ಐದು ವರ್ಷ ಹಿಂದಕ್ಕೆ ಹೋಗಬೇಕು. ಕಾಫಿ ರೇಟು ನೆಲಕಚ್ಚಿದ ಕಾಲ. ಸಂಸೆ ರಸ್ತೆಯ ರವಿಶಂಕರ ಗೌಡರು ತಮ್ಮ ಎಸ್ಟೇಟಿನ ಹಳೇ ಬಂಗಲೆಯನ್ನು ಪ್ಯಾಟೆಯವರ ವಾಸ್ತವ್ಯಕ್ಕೆ ಕೊಡಲು ಶುರುಮಾಡಿದ್ದರು. ಹಾಗೆ ಬಂದವನು ನಿರಂಜನ ಎಂಬ ಬೆಂಗಳೂರಿನ ಹುಡುಗ, ಹೊರದೇಶದ ಕಂಪನಿಗಳಿಗೆ ಕಂಪ್ಯೂಟರ್ ಆಟದ ಚಿತ್ರ ಬರೆದುಕೊಡುವವನು. ಎಸ್ಟೇಟಿನ ಗೇಟಿನ ಪಕ್ಕದಲ್ಲೇ ಆಚಾರ್ರ ಮನೆ. ಕಿತ್ತುಹಾಕಿದ ಹಳೇ ಕಾಫಿಗಿಡಗಳ ಬುಡವನ್ನು ಗೌಡರು ಇವರಿಗೆ ಕೊಡುತ್ತಿದ್ದರು. ಅದರಲ್ಲಿ ಆಚಾರ್ರು ಆನೆ, ಎತ್ತಿನಗಾಡಿ, ಕೊಡ ಹೊತ್ತ ಹೆಂಗಸು ಇವನ್ನೆಲ್ಲ ಕೆತ್ತಿ ಹೊರನಾಡಿನ ಅಂಗಡಿಗಳಿಗೆ ಕಳಿಸುತ್ತಿದ್ದರು. ಕಾಡು ನೋಡಲು ಬಂದ ನಿರಂಜನ ಕಾಡು ಬಿಟ್ಟು ಆಚಾರ್ರ ಜಗಲಿಯಲ್ಲೇ ನಾಲ್ಕು ದಿನ ಕುಳಿತ. ಅವರ ಕನ್ನಡಕ, ಬೆರಳು, ಕಾಲು, ನಾಲಿಗೆ, ಯಾವುದನ್ನೂ ಬಿಡದೆ ದಪ್ಪ ಪುಸ್ತಕದಲ್ಲಿ ಬರೆದುಕೊಂಡ. ಕಾಫಿ ತಂದುಕೊಟ್ಟ ಮಗಳು ಪಂಚಮಿಯನ್ನೂ ಒಂದು ಹಾಳೆಯಲ್ಲಿ ಬರೆದ.

ಮದುವೆಯಾಗಿ ಹದಿಮೂರು ವರ್ಷ ಹರಕೆ ಹೊತ್ತಮೇಲೆ ಹುಟ್ಟಿದ ಮಗಳು. ಆಗವಳಿಗೆ ಹದಿನಾರು. ಹಾಳೆ ನೋಡಿ ಅವಳಿಗೆ ಖುಷಿಯೋ ಖುಷಿ. “ಅಪ್ಪಾ ನೋಡಿ, ಕನ್ನಡಿ ಇಟ್ಟ ಹಂಗೇ ಬಂದದೆ!” ಎಂದು ಓಡಿಬಂದು ತೋರಿಸಿದಳು.

“ನಿಮ್ಮಿಬ್ರನ್ನೂ ಕಂಪ್ಯೂಟರಲ್ಲಿ ಗೊಂಬೆ ಮಾಡ್ತೀನಿ ಆಚಾರ್ರೆ. ನಡೆಯೋ ಗೊಂಬೆ, ಮಾತಾಡೋ ಗೊಂಬೆ” ಎಂದ ನಿರಂಜನ.

ಗೊಂಬೆ ಎಂಬ ಮಾತು ಕಿವಿಗೆ ಬಿದ್ದದ್ದೇ ಆಚಾರ್ರ ಮುಖ ಬಿಗಿಯಿತು. ಅವರ ಕಸುಬಿನಲ್ಲಿ ಒಂದು ಕಟ್ಟಳೆ ಇತ್ತು. ಉಸಿರಾಡುವವರ ಮುಖವನ್ನು ಗೊಂಬೆಗೆ ಕೊಡಬಾರದು, ಕೊಟ್ಟರೆ ಅವರ ಆಯುಸ್ಸು ಗೊಂಬೆಗೆ ಹೋಗುತ್ತದೆ. ಅಪ್ಪ ಅವರಿಗೆ ಉಳಿ ಹಿಡಿಯುವುದಕ್ಕಿಂತ ಮೊದಲು ಇದನ್ನು ಹೇಳಿಕೊಟ್ಟಿದ್ದ. ಅದಕ್ಕೇ ಅವರ ಗೊಂಬೆಗಳಿಗೆಲ್ಲ ಒಂದೇ ಮುಖ, ಯಾರದೂ ಅಲ್ಲದ ಮುಖ.

“ನಂದು ಬೇಕಾದಷ್ಟು ಬರ್ಕೊಳಿ. ನಂಗೆ ಅರವತ್ತು ಹತ್ರ ಬಂತು, ಹೋದ್ರೆ ಹೋಯ್ತು. ಮಗೂದು ಬೇಡ” ಎಂದು ಆಚಾರ್ರು ಹಾಳೆಗೆ ಕೈಚಾಚಿದರು. ಪ್ಯಾಟೆಯವನಾದರೂ ನಿರಂಜನ ಮರ್ಯಾದಸ್ಥ. ವಾದಿಸದೆ ಹಾಳೆ ಹರಿದುಕೊಟ್ಟ. “ಅಪ್ಪಾ, ಇರ್ಲಿ ಅಪ್ಪಾ” ಎಂದು ಪಂಚಮಿ ಹಿಂದೆಯೇ ಬಂದಳು. ಆಚಾರ್ರು ಕೇಳಲಿಲ್ಲ. ಅಡುಗೆಮನೆಗೆ ಹೋಗಿ ಒಲೆಗೆ ಹಾಕಿದರು. ಅಷ್ಟಕ್ಕೂ ಸಮಾಧಾನವಾಗದೆ ಆಚೆ ಬಂದು, “ಊರಿಗೆ ಹೋಗಿ ನೆನಪಿಂದ ಬರೀತೀರಿ ನೀವು. ಬರೆಯೋದಿಲ್ಲ ಅಂತ ಮಾತು ಕೊಡಿ” ಎಂದರು. ನಿರಂಜನ ಅವರ ಅಂಗೈ ಮೇಲೆ ಕೈಯಿಟ್ಟು ಮಾತು ಕೊಟ್ಟ. ಪಂಚಮಿ ಎರಡು ದಿನ ಅಪ್ಪನ ಜೊತೆ ಮಾತು ಬಿಟ್ಟಳು.

ಎರಡು ವರ್ಷ ಕಳೆದು ಬೇಸಿಗೆಯಲ್ಲಿ ಅವಳಿಗೆ ಜ್ವರ ಬಂತು. ನಾಲ್ಕನೇ ದಿನ ಪ್ರಜ್ಞೆ ತಪ್ಪಿದಾಗ ಗೌಡರ ಜೀಪಿನಲ್ಲಿ ಹಾಕಿಕೊಂಡು ಮಂಗಳೂರಿಗೆ ಹೊರಟರು. ಕುದುರೆಮುಖ ದಾಟಿತು, ಘಾಟಿ ಇಳಿಯುವ ಮೊದಲೇ ಎಲ್ಲ ಮುಗಿಯಿತು. ಜೀಪನ್ನು ಅಲ್ಲೇ ತಿರುಗಿಸಿದರು.

ಕಟ್ಟಳೆ ಪಾಲಿಸಿದವರ ಮಗಳು ಹದಿನೆಂಟಕ್ಕೆ ಹೋದಳು. ಪುಸ್ತಕದ ತುಂಬ ಚಿತ್ರ ಬರೆಸಿಕೊಂಡ ಅಪ್ಪ ಗಟ್ಟಿಮುಟ್ಟಾಗಿ ಉಳಿದ. ದೇವರಿಗೆ ಲೆಕ್ಕ ಬರುವುದಿಲ್ಲವೋ, ಕಟ್ಟಳೆ ಮಾಡಿದವರಿಗೆ ಬುದ್ಧಿ ಇರಲಿಲ್ಲವೋ, ಯಾರನ್ನು ಕೇಳುವುದು? ಹದಿಮೂರನೇ ದಿನದ ಕಾರ್ಯಕ್ಕೆ ಇಡಲು ಒಂದು ಫೋಟೊ ಬೇಕೆಂದಾಗ ಮನೆಯಲ್ಲಿ ಇದ್ದದ್ದು ಏಳನೇ ಕ್ಲಾಸಿನ ಗುಂಪಿನ ಫೋಟೊ ಒಂದೇ. ಮಲೆನಾಡಿನ ತೇವ ಗೊತ್ತಲ್ಲ, ಫೋಟೊ ಗಾಜಿಗೆ ಅಂಟಿಕೊಂಡಿತ್ತು. ಮೆಲ್ಲಗೆ ಬಿಡಿಸಲು ಹೋದರೆ ಪಂಚಮಿ ನಿಂತಿದ್ದ ಹಿಂದಿನ ಸಾಲಿನ ಮುಖಗಳೆಲ್ಲ ಗಾಜಿನ ಜೊತೆ ಕಿತ್ತುಕೊಂಡು ಹೋದವು. ಗಂಡಿನ ಕಡೆಯವರಿಗೆ ಕೊಡಲು ಸ್ಟುಡಿಯೋದಲ್ಲಿ ಒಂದು ತೆಗೆಸಬೇಕು ಎಂದು ಹೆಂಡತಿ ಗಿರಿಜಮ್ಮ ಹೇಳುತ್ತಲೇ ಇದ್ದರು. ಬರುವ ವರ್ಷ ನೋಡೋಣ ಎಂದು ಆಚಾರ್ರು ಮುಂದೂಡುತ್ತಲೇ ಇದ್ದರು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

ಸತ್ತವಳ ಮುಖ ಕೆತ್ತಲು ಕಟ್ಟಳೆಯ ಅಡ್ಡಿಯಿಲ್ಲವಲ್ಲ ಎಂದು ಆಚಾರ್ರು ಒಳ್ಳೆಯ ಹಲಸಿನ ತುಂಡು ಆರಿಸಿಕೊಂಡು ಕುಳಿತದ್ದೂ ಉಂಟು. ಆಗೆಲ್ಲ ಪಂಚಮಿ ಅವರ ಕಣ್ಣ ಮುಂದೆಯೇ ನಿಂತಿರುತ್ತಿದ್ದಳು. ಆದರೆ ನಲವತ್ತು ವರ್ಷ ಒಂದೇ ಮುಖ ಕೆತ್ತಿದ ಕೈ ಬೇರೆ ಮುಖಕ್ಕೆ ಬಗ್ಗಲಿಲ್ಲ. ಒಳಗೆ ಇದ್ದವಳು ಬೆರಳಿಗೆ ಇಳಿಯಲಿಲ್ಲ. ಏಳು ಸಲ ಕೆತ್ತಿದರು, ಏಳು ಸಲವೂ ಕೊಡ ಹೊತ್ತ ಹೆಂಗಸೇ ಬಂದಳು. ಎಂಟನೆಯದಕ್ಕೆ ಉಳಿ ಕೆಳಗಿಟ್ಟರು.

ಈಗ ಹೇಳಿ, ಇಂಥ ಮನುಷ್ಯನ ಮುಂದೆ ಒಂದು ಮುಚ್ಚಿದ ಬಾಗಿಲು ತೋರಿಸಿ ಒಳಗೆ ನಿಮ್ಮ ಮಗಳಿದ್ದಾಳೆ ಎಂದರೆ ಅವನು ಸುಮ್ಮನೆ ಬಸ್ಸು ಹತ್ತಿ ಮನೆಗೆ ಹೋಗುತ್ತಾನೆಯೇ? ಕನ್ನಡಕದ ದಾರವನ್ನೂ ಬಿಡದೆ ನೆನಪಿಟ್ಟುಕೊಂಡವನು ಕಾಫಿ ತಂದುಕೊಟ್ಟ ಹುಡುಗಿಯನ್ನು ಮರೆತಿರುತ್ತಾನೆಯೇ? ಮಾತು ಕೊಟ್ಟಿದ್ದ, ನಿಜ. ಪ್ಯಾಟೆಯವರ ಮಾತಿಗೆ ಏನು ಬೆಲೆ! ಇನ್ನೊಬ್ಬ ಮಾತಿಗೆ ತಪ್ಪಿರಲಿ ಎಂದು ಆಚಾರ್ರು ಜೀವಮಾನದಲ್ಲಿ ಮೊದಲ ಸಲ ಕಳಸೇಶ್ವರನಿಗೆ ಕೈಮುಗಿದರು.

ಮನೆಗೆ ಹೋಗಿ ಗಿರಿಜಮ್ಮನಿಗೆ ಹೇಳಿದಾಗ ಆಕೆ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟು ಗಂಡನ ಮುಖವನ್ನೇ ನೋಡಿದರು.

“ನಾನೇ ಎತ್ತಿ ನೀರು ಹಾಕಿ ಕಳಿಸಿದೀನಿ ಅವ್ಳನ್ನ. ಸತ್ತೋಳನ್ನ ಪೆಟ್ಟಿಗೇಲಿ ಹುಡುಕೋ ಹುಚ್ಚು ನಂಗಿಲ್ಲ. ನೀವು ಹೋಗೋದಾದ್ರೆ ಹೋಗಿ.”

“ಒಂದ್ಸಲ ಮುಖ ನೋಡಿದ್ರೆ ಸಾಕು ಕಣೇ. ಫಯಾಜ ಅದನ್ನ ಕಾಗದದ ಮೇಲೆ ತೆಗೆದುಕೊಡ್ತಾನಂತೆ. ಕಟ್ಟು ಹಾಕಿಸಿ ದೇವ್ರ ಪಕ್ಕ ಇಡಬೋದು.”

ಗಿರಿಜಮ್ಮ ಮತ್ತೆ ಮೊರ ಎತ್ತಿಕೊಂಡರು. ಪಂಚಮಿಯ ಮಾತನ್ನು ಆ ಮನೆಯಲ್ಲಿ ಇಬ್ಬರೂ ಆಡುತ್ತಿರಲಿಲ್ಲ. ಒಬ್ಬರು ಆಡಿದರೆ ಇನ್ನೊಬ್ಬರು ಎದ್ದು ಹೋಗುತ್ತಿದ್ದರು.

ವಾರಕ್ಕೊಮ್ಮೆ ಕಳಸಕ್ಕೆ ಬರುತ್ತಿದ್ದ ಆಚಾರ್ರು ವಾರಕ್ಕೆ ಮೂರು ಸಲ ಬರತೊಡಗಿದರು. ಫಯಾಜ್ ಗಿರಾಕಿ ಇಲ್ಲದ ಹೊತ್ತು ನೋಡಿ ಆಟ ಹಚ್ಚುತ್ತಿದ್ದ, ಆಚಾರ್ರು ಪಕ್ಕದ ಸ್ಟೂಲಿನ ಮೇಲೆ ಕುಳಿತು ಮರಗಳ ಬಗ್ಗೆ ಉಪದೇಶ ಮಾಡುತ್ತಿದ್ದರು. ಮೊದಲ ಮರ ಎರಡು ತಲೆಯ ತೋಳಗಳ ಕಾಡಿನಲ್ಲಿತ್ತು. “ಬುಡಕ್ಕೆ ಕತ್ತಿ ಹಾಕ್ತಿಯಲ್ಲ ಮಾರಾಯ, ಮರ ನಿನ್ನ ಮೇಲೇ ಬೀಳ್ತದೆ. ಗಾಳಿ ಯಾವ ಕಡೆ ಉಂಟು ನೋಡ್ಕೊ” ಎಂದು ಗದರಿದರು. ಎರಡನೆಯ ಮರದ ತುಂಡು ಹಸಿರು ಬೆಳಕು ಬೀರುತ್ತಿದ್ದದ್ದು ಕಂಡು, “ಹಸಿಮರ ಅದು. ಒಂದು ಮಳೆಗಾಲ ಒಣಗದೆ ಗೊಂಬೆ ಮಾಡಿದ್ರೆ ಸೀಳು ಬಿಡ್ತದೆ” ಎಂದು ಪರದೆಯ ಮುದುಕನಿಗಾಗಿ ಚಿಂತೆ ಮಾಡಿದರು. ಫಯಾಜ್ ತೋಳದ ಬಾಯಿಗೆ ಸಿಕ್ಕಿ ಸಾಯುತ್ತಿದ್ದ, ಮತ್ತೆ ಬದುಕಿ ಬರುತ್ತಿದ್ದ. ಸತ್ತವರು ಹೀಗೆ ಒಂದು ಗುಂಡಿ ಒತ್ತಿದರೆ ಎದ್ದು ಬರುವುದನ್ನು ಆಚಾರ್ರು ಸ್ಟೂಲನ್ನು ಹತ್ತಿರ ಎಳೆದುಕೊಂಡು ನೋಡುತ್ತಿದ್ದರು. ಕಾಫಿ ಹಣ್ಣು ಕೊಯ್ಲು ಶುರುವಾಗಿ ಮುಗಿಯಿತು. ಹೊರನಾಡಿನ ಅಂಗಡಿಯವರು ಮೂಟೆ ಯಾಕೆ ಬರುತ್ತಿಲ್ಲವೆಂದು ಎರಡು ಸಲ ಹೇಳಿಕಳಿಸಿದರು. ಐದನೆಯ ಮರ ಹಿಮದ ಬೆಟ್ಟದ ತುದಿಯಲ್ಲಿ ಸಿಕ್ಕಿದಾಗ ಶಿವರಾತ್ರಿ ಹತ್ತಿರ ಬಂದಿತ್ತು.

ಬೆಳಿಗ್ಗೆ ಹತ್ತೂವರೆ ಗಂಟೆ. ಫಯಾಜ್ ಅಂಗಡಿಯ ಬಾಗಿಲು ಅರ್ಧ ಎಳೆದುಬಂದ. ಪರದೆಯ ಮುದುಕ ಐದು ತುಂಡುಗಳನ್ನು ತೆಗೆದುಕೊಂಡು ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ಒಂದು ಗೊಂಬೆ ಮಾಡಿದ. ಕಸುಬುದಾರರಾದ ಆಚಾರ್ರಿಗೆ ಅದು ಸರಿಬರಲಿಲ್ಲವಾದರೂ ಕಣ್ಣೆಲ್ಲ ಬಾಗಿಲ ಮೇಲೆಯೇ ಇತ್ತು. ಬಾಗಿಲು ತೆರೆಯಿತು. ಒಳಗಿನಿಂದ ಒಬ್ಬ ಹುಡುಗಿ ಬಂದು ಮುದುಕನ ಪಕ್ಕ ನಿಂತಳು. ಹಳದಿ ಕೂದಲು, ನೀಲಿ ಕಣ್ಣು, ಕಡ್ಡಿಯಂಥ ಮೂಗು.

ಫಯಾಜ್ ತಲೆ ತಗ್ಗಿಸಿದ. “ಇದು ಬೇರೆ ಯಾರೋ ಆಚಾರ್ರೆ” ಎಂದ.

ಆಚಾರ್ರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. “ನಂಗೂ ಬೂಟು ಹಾಕಿಲ್ವನಾ ಅವ್ರು?” ಎಂದರು. “ಆ ಸೀಮೆಯೋರಿಗೆ ಬೇಕಾದ ಹಂಗೆ ಬಣ್ಣ ಹೊಡ್ದಿದಾರೆ ಅಷ್ಟೆ. ಬಣ್ಣ ಬೇರೆ ಇರಬೋದು, ಮರ ಅದೇ ಇರ್ತದೆ. ಕೆರೆದು ನೋಡ್ಬೇಕು ನಾವು. ನೀ ಅವ್ಳನ್ನ ಒಂಚೂರು ಬಲಕ್ಕೆ ತಿರುಗಿಸು.”

ಅಲ್ಲಿಂದ ಹನ್ನೊಂದು ದಿನ, ದಿನವೂ ಮೊದಲ ಬಸ್ಸಿಗೆ ಬಂದರು. ಹುಡುಗಿಯನ್ನು ಪರದೆಯ ತುಂಬ ದೊಡ್ಡದು ಮಾಡಿಸಿ ಮುಂದೆ ಕೂರುತ್ತಿದ್ದರು. ಬಲಕ್ಕೆ ತಿರುಗಿಸು, ಎಡಕ್ಕೆ ತಿರುಗಿಸು, ಗಲ್ಲ ಎತ್ತಿಸು. ಕಿಸೆಯಿಂದ ದಾರ ತೆಗೆದು ಹುಬ್ಬಿನಿಂದ ಗಲ್ಲಕ್ಕೆ, ಕಿವಿಯಿಂದ ಕಿವಿಗೆ ಗಾಜಿನ ಮೇಲೇ ಅಳೆದರು. ಹಳದಿ ಬಣ್ಣವನ್ನು ಮನಸ್ಸಿನಲ್ಲೇ ಕೆರೆದು ಕಪ್ಪು ಹಚ್ಚಿದರು. ಮೂಗನ್ನು ಅಗಲ ಮಾಡಿದರು. ಕೆಲವು ಸಲ, ಸಂಜೆಯ ಹೊತ್ತು ಕಣ್ಣು ದಣಿದಾಗ, ಹುಡುಗಿ ಅತ್ತ ತಿರುಗುವ ಒಂದು ಕ್ಷಣದಲ್ಲಿ ಅವಳೇ, ಪಂಚಮಿಯೇ ಎನ್ನಿಸುತ್ತಿತ್ತು. “ತಡಿ, ಅಲ್ಲೇ ನಿಲ್ಸು!” ಎಂದು ಕೂಗುತ್ತಿದ್ದರು. ಫಯಾಜ್ ನಿಲ್ಲಿಸುತ್ತಿದ್ದ. ನಿಲ್ಲಿಸಿದ ಕೂಡಲೇ ಅದು ಹೋಗಿಬಿಡುತ್ತಿತ್ತು. ಶಬನಂ ಟೀ ತಂದುಕೊಟ್ಟು, “ಚಾಚಾ, ಮನೇಲಿ ಅಮ್ಮ ಒಬ್ರೇ ಇರ್ತಾರಲ್ಲ” ಎಂದಳು. ಆಚಾರ್ರು ಟೀ ಕುಡಿದು ಲೋಟ ಕೊಟ್ಟು ಮತ್ತೆ ಪರದೆಯ ಕಡೆ ತಿರುಗಿದರು.

ಇದಕ್ಕೆ ಕೊನೆ ಕಾಣಿಸಿದ್ದು ಫೋನು. ದೀಪಾವಳಿಯ ಹೊತ್ತಿಗೇ ಫಯಾಜ್ ಗೌಡರ ಮನೆಯಿಂದ ನಿರಂಜನನ ವಿಳಾಸ ಹುಡುಕಿ ಒಂದು ಇ-ಮೇಲ್ ಹಾಕಿದ್ದ: ಗೊಂಬೆ ಆಚಾರ್ರು ನಿಮ್ಮ ಹತ್ತಿರ ಮಾತಾಡಬೇಕಂತೆ, ಈ ನಂಬರಿಗೆ ಮಾಡಿ, ಎಂದು. ಸಾವಿನ ಸುದ್ದಿ ಬರೆದಿರಲಿಲ್ಲ. ಗೊತ್ತಿಲ್ಲದವರಿಗೆ ಮೊದಲ ಮಾತಿಗೇ ಸಾವು ತಿಳಿಸುವುದು ಸರಿಯಲ್ಲ ಎಂದುಕೊಂಡಿದ್ದ. ನಿರಂಜನ ಆ ಕೆಲಸ ಬಿಟ್ಟು ಬೇರೆ ಕಡೆ ಸೇರಿದ್ದನಂತೆ. ಪತ್ರ ಅವನ ಕಣ್ಣಿಗೆ ಬಿದ್ದದ್ದು ನಾಲ್ಕು ತಿಂಗಳ ಮೇಲೆ. ಹನ್ನೊಂದನೆಯ ದಿನ ಮಧ್ಯಾಹ್ನ ಫೋನು ಬಂತು. ಫಯಾಜ್ ರಿಸೀವರನ್ನು ಆಚಾರ್ರ ಕೈಗೆ ಕೊಟ್ಟ.

“ಆಚಾರ್ರೆ! ಹೇಗಿದೀರಾ? ನೋಡಿದ್ರಾ ನಿಮ್ಮನ್ನ ಆಟದಲ್ಲಿ? ಬೂಟು ಹಾಕ್ಬೇಡಿ ಅಂತ ಎಷ್ಟು ಬಡ್ಕೊಂಡೆ ಗೊತ್ತಾ, ಕೇಳ್ಲೇ ಇಲ್ಲ ಅವರು.”

“ನೋಡ್ದೆ ನೋಡ್ದೆ. ಚೆನ್ನಾಗಿ ಬಂದದೆ.” ಆಚಾರ್ರು ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಅಲ್ಲಿ ನನ್ನ ಪಕ್ಕ ಒಂದು ಹುಡುಗಿ ನಿಂತ್ಕೊಳ್ತದಲ್ಲ. ಅದು ಯಾರು?”

“ಅದಾ? ಅದು ಗೊತ್ತಿಲ್ಲ ನಂಗೆ. ನಾನು ಮಾಡಿದ್ದು ನಿಮ್ಮೊಬ್ಬರನ್ನೇ. ಹುಡುಗೀನ ಬೇರೆ ಯಾವುದೋ ದೇಶದಲ್ಲಿ ಕೂತ್ಕೊಂಡು ಬೇರೆ ಯಾರೋ ಮಾಡಿದ್ರು.”

“ನಮ್ಮ ಪಂಚಮೀದು... ನೀವು ಊರಿಗೆ ಹೋದ್ಮೇಲೆ ಏನಾದ್ರೂ ಬರ್ದಿದ್ರಾ? ಬರ್ದಿದ್ರೆ ಹೇಳಿ, ನಂಗೆ ಬೇಜಾರಿಲ್ಲ. ಒಂದು ಸಣ್ಣ ಗೀಟು ಎಳೆದಿದ್ರೂ ಪರ್ವಾಗಿಲ್ಲ.”

ಆ ಕಡೆ ನಿರಂಜನ ಗಟ್ಟಿಯಾಗಿ ನಕ್ಕ. ಒಳ್ಳೆಯ ಮನುಷ್ಯನ ನಗು. “ಇನ್ನೂ ಅದೇ ಭಯಾನಾ ನಿಮಗೆ? ಮಾತು ಕೊಟ್ಟಿದ್ದೆನಲ್ಲ ಆಚಾರ್ರೆ, ಉಳಿಸ್ಕೊಂಡಿದೀನಿ. ಕಂಪನಿಯವರು ಮಗಳದ್ದೂ ಸ್ಕೆಚ್ ಕೊಡು ಅಂತ ಎರಡು ಸಲ ಕೇಳಿದ್ರು. ಇಲ್ಲ ಅಂದೆ. ಒಂದು ಗೀಟೂ ಎಳೆದಿಲ್ಲ. ಈಗ ಬರಿ ಅಂದ್ರೂ ಬರಲ್ಲ ಬಿಡಿ, ಆರು ವರ್ಷ ಆಯ್ತು, ಮುಖ ಮರೆತೇಹೋಗಿದೆ. ಪಂಚಮಿಗೆ ಮದ್ವೆ ಆಗಿರ್ಬೇಕಲ್ಲ ಇಷ್ಟೊತ್ತಿಗೆ? ಮಕ್ಕಳೆಷ್ಟು?”

ಆಚಾರ್ರು ರಿಸೀವರನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡರು. ಮಾತಿಗೆ ತಪ್ಪದವನನ್ನು ಅಳಿಸಿ ಏನು ಬರಬೇಕು?

“ಒಂದು ಗಂಡು” ಎಂದರು. “ಚೆನ್ನಾಗಿದಾಳೆ.”

ಫೋನು ಇಟ್ಟಮೇಲೆ ಫಯಾಜ್‌ನ ಮುಖ ನೋಡಲಾಗದೆ ಬಸ್‌ಸ್ಟ್ಯಾಂಡಿನ ಕಡೆ ನಡೆದರು. “ಆಚಾರ್ರೆ, ಆಟ ಹಾಗೇ ಇರ್ಲಾ?” ಎಂದು ಅವನು ಹಿಂದಿನಿಂದ ಕೇಳಿದ. “ಅಳಿಸ್ಬಿಡು ಮಾರಾಯ” ಎಂದರು.

ಗಿರಿಜಮ್ಮ ಜಗಲಿಯಲ್ಲಿ ಕುಳಿತು ಗೊಂಚಲಿನಿಂದ ಕಾಳುಮೆಣಸು ಬಿಡಿಸುತ್ತಿದ್ದರು. ಮೂರು ಗಂಟೆಯ ಬಸ್ಸಿಗೇ ಗಂಡ ಬಂದದ್ದು ಕಂಡು ಚಾಪೆಯ ಮೇಲೆ ಜಾಗ ಮಾಡಿದರು. ಆಚಾರ್ರು ಕುಳಿತು ತಾವೂ ಒಂದು ಗೊಂಚಲು ತೆಗೆದುಕೊಂಡರು.

“ಬರೀಲಿಲ್ಲಂತೆ ಅವ್ನು.”

“ನಂಗೆ ಗೊತ್ತಿತ್ತು” ಎಂದರು ಗಿರಿಜಮ್ಮ. “ಒಳ್ಳೆ ಹುಡುಗ. ಅವತ್ತೇ ಅಂದ್ಕೊಂಡಿದ್ದೆ.” ಗಂಡನ ಮೊಣಕೈ ಮೇಲೆ ಮೆಣಸಿನ ಕೈಯಿಟ್ಟರು. “ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಂಗಾಯ್ತು ನಿಮ್ದು. ಪೆಟ್ಟಿಗೆ ಯಾಕೆ ಬೇಕು? ಕಣ್ಣು ಮುಚ್ಚಿದ್ರೆ ನಂಗೆ ದಿನಾ ಬರ್ತಾಳೆ. ಮುಚ್ಚಿ ನೋಡೋಣ.”

ಆಚಾರ್ರು ಕಣ್ಣು ಮುಚ್ಚಿದರು.

“ಎಡಗಡೆ ಹುಬ್ಬು ಒಂಚೂರು ಮೇಲೆ, ನಿಮ್ಮಮ್ಮನ ಹಂಗೆ” ಎಂದು ಗಿರಿಜಮ್ಮ ಮೆಲ್ಲಗೆ ಹೇಳತೊಡಗಿದರು. “ನಕ್ರೆ ಮೂಗು ಅಗಲ ಆಗ್ತಿತ್ತು. ಕೆಳಗಿನ ತುಟಿ ಹತ್ರ ಬಿದ್ದ ಗಾಯದ ಗುರ್ತು.”

ಕತ್ತಲೆಯೊಳಗೆ ಒಂದು ಹುಡುಗಿ ಬಂದು ನಿಂತಳು. ಹಳದಿ ಕೂದಲು. ಆಚಾರ್ರು ಗಾಬರಿಯಾಗಿ ಕೂದಲಿಗೆ ಕಪ್ಪು ಬಳಿದರು. ಕಪ್ಪು ಕೂದಲಿನ ಅದೇ ಹುಡುಗಿ ನಿಂತಿದ್ದಳು. ಎಡಹುಬ್ಬನ್ನು ಎತ್ತಿದರು, ಮೂಗು ಅಗಲಿಸಿದರು, ತುಟಿಯ ಕೆಳಗೆ ಗುರುತು ಮಾಡಿದರು; ಹೆಂಡತಿಯ ಮಾತುಗಳೆಲ್ಲ ಒಂದೊಂದಾಗಿ ಆ ಗಾಜಿನ ಹುಡುಗಿಯ ಮೇಲೇ ಕೂತವು, ಕೂತು ಜಾರಿದವು. ಹಿಂದಿನ ನೆನಪುಗಳಲ್ಲಿ ಎಲ್ಲಾದರೂ ಇರಬಹುದೆಂದು ಜೀಪಿನೊಳಗೆ ನೋಡಿದರು, ತೊಟ್ಟಿಲಲ್ಲಿ ನೋಡಿದರು, ಹಾಳೆ ಹಿಡಿದು ಓಡಿಬರುತ್ತಿದ್ದ ಅಂಗಳದಲ್ಲಿ ನೋಡಿದರು. ಎಲ್ಲ ಕಡೆಯೂ ಇವಳೇ. ಪಂಚಮೀ ಎಂದು ಒಳಗೊಳಗೇ ಕರೆದರು. ಹಳದಿ ಕೂದಲಿನವಳು ತಿರುಗಿ ನೋಡಿದಳು.

“ಬಂದ್ಲಾ?” ಎಂದರು ಗಿರಿಜಮ್ಮ.

“ಬಂದ್ಲು.”

ಗಿರಿಜಮ್ಮನ ಮುಖ ಬೆಳಗಿತು. ಮೂರು ವರ್ಷ ಒಬ್ಬರೇ ಹೊತ್ತಿದ್ದಕ್ಕೆ ಇನ್ನೊಂದು ಹೆಗಲು ಸಿಕ್ಕಿತಲ್ಲ ಎಂದು ಅವರಿಗೆ ಎಷ್ಟೋ ಹಗುರವಾಗಿರಬೇಕು. ಮೆಣಸು ಪಕ್ಕಕ್ಕೆ ಸರಿಸಿ, ಮಗಳ ಮಾತು ಆಡಲು ಶುರುಮಾಡಿದರು. ಅವಳು ಹಲಸಿನ ಹಪ್ಪಳ ಕದ್ದು ತಿಂದದ್ದು, ಜಿಗಣೆ ಕಂಡರೆ ಚೀರುತ್ತಿದ್ದದ್ದು, ಅಪ್ಪನ ಕನ್ನಡಕಕ್ಕೆ ತಾನೇ ದಾರ ಕಟ್ಟಿಕೊಟ್ಟದ್ದು. ಹೇಳುತ್ತಾ ನಕ್ಕರು, ಹೇಳುತ್ತಾ ಕಣ್ಣೊರೆಸಿಕೊಂಡರು. “ಅಲ್ವನಾ? ನೆನಪುಂಟಲ್ಲ?” ಎಂದು ನಡುನಡುವೆ ಕೇಳಿದರು. ಯಾರದೋ ಮನೆಯ ಹುಡುಗಿಯ ಸುದ್ದಿ ಕೇಳುವವರ ಹಾಗೆ ಆಚಾರ್ರು ಹ್ಞೂಂ, ಹ್ಞೂಂ ಎನ್ನುತ್ತಾ ಕುಳಿತಿದ್ದರು.